ಮುನಿದ ಮಾತಿನ ಒಳಧ್ವನಿ: ‘ಲೇಡಿ ಬರ್ಡ್’ ಚಿತ್ರದಲ್ಲಿ ತಾಯಿ–ಮಗಳ ಸಂಬಂಧದ ನೆಲೆಗಳು

1. ಪೀಠಿಕೆ

ಕನ್ನಡದಲ್ಲಿ ‘ದೊಡ್ಡವನಾದ’ ಎಂಬ ಮಾತಿಗೂ ‘ದೊಡ್ಡವಳಾದಳು’ ಎಂಬ ಮಾತಿಗೂ ಅರ್ಥದಲ್ಲಿ ಅಂತರವಿದೆ. ಮೊದಲನೆಯದು ವಯಸ್ಸು, ವಿದ್ಯೆ, ಸಂಪಾದನೆ, ತಿಳಿವಳಿಕೆ ಇವೆಲ್ಲವನ್ನೂ ಒಳಗೊಳ್ಳುತ್ತದೆ. ಎರಡನೆಯದು ರೂಢಿಯಲ್ಲಿ ಮೈನೆರೆಯುವಿಕೆಗೆ ಸಲ್ಲುತ್ತದೆ. ಹೆಣ್ಣು ದೊಡ್ಡವಳಾಗುವುದನ್ನು ದೇಹದ ಒಂದು ಘಟನೆಯಾಗಿ ನುಡಿ ಗುರುತಿಸಿದೆಯೇ ಹೊರತು ಅರಿವಿನ ಬೆಳವಣಿಗೆಯಾಗಿ ಗುರುತಿಸಿಲ್ಲ. ಈ ಕೊರತೆ ಒಂದು ಭಾಷೆಗಷ್ಟೇ ಸೀಮಿತವಾದುದಲ್ಲ. ಯುರೋಪಿನಲ್ಲಿ ಗಯಟೆಯ ‘ವಿಲ್ಹೆಲ್ಮ್ ಮೈಸ್ಟರ್’ (1795–96) ಕಾದಂಬರಿಯಿಂದ ಖಚಿತ ರೂಪ ಪಡೆದ ‘ಬಿಲ್ಡುಂಗ್ಸ್‌ರೋಮಾನ್’ ಅಥವಾ ವ್ಯಕ್ತಿವಿಕಾಸದ ಕಥನವು ಬಹುಕಾಲ ಯುವಕನೊಬ್ಬನ ಪಯಣದ ಕಥೆಯಾಗಿಯೇ ಉಳಿಯಿತು. ಮನೆಯನ್ನು ತೊರೆಯುವುದು, ತಂದೆಯ ಇಚ್ಛೆಯನ್ನು ಮೀರುವುದು, ಲೋಕವನ್ನು ಕಂಡು ತನ್ನ ಸ್ಥಾನವನ್ನು ಕಂಡುಕೊಳ್ಳುವುದು ಅದರ ಮುಖ್ಯ ಘಟ್ಟಗಳು. ತಾಯಿ ಅಲ್ಲಿ ಹಿಂದೆ ಉಳಿಯುವ ಮನೆಯ ಒಂದು ಭಾಗ ಮಾತ್ರ.

ಹುಡುಗಿಯೊಬ್ಬಳ ಬೆಳವಣಿಗೆಯನ್ನು ತಾಯಿಯೊಡನೆ ನಡೆಯುವ ಸುದೀರ್ಘ ಸಂವಾದವಾಗಿ ಕಟ್ಟಿದ ಕೃತಿಗಳಲ್ಲಿ ಗ್ರೆಟಾ ಗರ್ವಿಗ್ ಅವರು ಬರೆದು ನಿರ್ದೇಶಿಸಿದ ‘ಲೇಡಿ ಬರ್ಡ್’ (2017) ಎಂಬ ಅಮೆರಿಕದ ಚಲನಚಿತ್ರ ಗಮನಾರ್ಹವಾದುದು. ಈ ಚಿತ್ರದಲ್ಲಿ ತಾಯಿ ಮತ್ತು ಮಗಳು ಆಡುವ ಮಾತುಗಳಲ್ಲಿ ಬಹುಪಾಲು ಜಗಳದ ಮಾತುಗಳು. ಆದರೂ ಚಿತ್ರ ಮುಗಿದಾಗ ನೋಡುಗರಲ್ಲಿ ಉಳಿಯುವುದು ವಾತ್ಸಲ್ಯದ ಅನುಭವ. ಆಡಿದ ಮಾತಿಗೂ ಉಂಟಾದ ಅನುಭವಕ್ಕೂ ನಡುವಿನ ಈ ಅಂತರವನ್ನು ಹೇಗೆ ವಿವರಿಸಬೇಕು? ಭಾರತೀಯ ಕಾವ್ಯಮೀಮಾಂಸೆಯ ಧ್ವನಿತತ್ತ್ವವು ಇದಕ್ಕೆ ಸಮರ್ಥವಾದ ಪರಿಭಾಷೆಯನ್ನು ಒದಗಿಸಬಲ್ಲದು ಎಂಬುದು ಪ್ರಸ್ತುತ ಲೇಖನದ ನಿಲುವು. ಅದರ ಜೊತೆಗೆ, ‘ತಾಯಿಯ ಬೈಗುಳದ ಹಿಂದೆ ಪ್ರೀತಿಯೇ ಇರುತ್ತದೆ’ ಎಂಬ ಸುಲಭದ ಸಮಾಧಾನಕ್ಕೆ ಧ್ವನಿತತ್ತ್ವವನ್ನು ಒತ್ತೆಯಿಡಬಾರದೆಂಬುದನ್ನೂ ಇಲ್ಲಿ ಸ್ಪಷ್ಟಪಡಿಸಲಾಗಿದೆ.

2. ಚಿತ್ರದ ಸ್ವರೂಪ

ಗರ್ವಿಗ್ ಅವರು 1983ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಜನಿಸಿದವರು. ನಟಿಯಾಗಿ, ಚಿತ್ರಕಥೆಗಾರ್ತಿಯಾಗಿ ಹೆಸರು ಮಾಡಿದ ಮೇಲೆ ಅವರು ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರವಿದು. ಬರವಣಿಗೆಯ ಹಂತದಲ್ಲಿ ಇದಕ್ಕೆ ‘ತಾಯಂದಿರು ಮತ್ತು ಹೆಣ್ಣುಮಕ್ಕಳು’ ಎಂಬರ್ಥದ ಹೆಸರಿತ್ತೆಂಬುದು ಗಮನಿಸತಕ್ಕ ಸಂಗತಿ. 2018ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿಗಳಲ್ಲಿ ಹಾಸ್ಯ–ಸಂಗೀತ ವಿಭಾಗದ ಶ್ರೇಷ್ಠ ಚಿತ್ರ ಮತ್ತು ಶ್ರೇಷ್ಠ ನಟಿ ಗೌರವಗಳು ಇದಕ್ಕೆ ಸಂದವು. ಅದೇ ವರ್ಷ ಆಸ್ಕರ್ ಪ್ರಶಸ್ತಿಯ 5 ವಿಭಾಗಗಳಿಗೆ ನಾಮನಿರ್ದೇಶನ ದೊರೆಯಿತು. ಶ್ರೇಷ್ಠ ನಿರ್ದೇಶನ ವಿಭಾಗದಲ್ಲಿ ನಾಮನಿರ್ದೇಶನ ಪಡೆದ ಮಹಿಳೆಯರಲ್ಲಿ ಗರ್ವಿಗ್ 5ನೆಯವರು.

ಚಿತ್ರದ ಕಾಲ 2002–03. ಕ್ರಿಸ್ಟಿನ್ ಮೆಕ್‌ಫರ್ಸನ್ (ಸರ್ಶಾ ರೋನನ್) ಕ್ಯಾಥೊಲಿಕ್ ಬಾಲಕಿಯರ ಪ್ರೌಢಶಾಲೆಯೊಂದರ ಕೊನೆಯ ವರ್ಷದ ವಿದ್ಯಾರ್ಥಿನಿ. ತನಗೆ ತಾನೇ ‘ಲೇಡಿ ಬರ್ಡ್’ ಎಂದು ಹೆಸರಿಟ್ಟುಕೊಂಡಿದ್ದಾಳೆ. ತಾಯಿ ಮರಿಯನ್ (ಲಾರಿ ಮೆಟ್‌ಕಾಫ್) ಮನೋರೋಗ ವಿಭಾಗದ ದಾದಿ. ತಂದೆ ಲ್ಯಾರಿ (ಟ್ರೇಸಿ ಲೆಟ್ಸ್) ಕೆಲಸ ಕಳೆದುಕೊಂಡವನು, ಬಹುಕಾಲದಿಂದ ಖಿನ್ನತೆಯಿಂದ ಬಳಲುತ್ತಿರುವವನು. ಅಣ್ಣ ಮಿಗೆಲ್ ಮತ್ತು ಅವನ ಗೆಳತಿ ಶೆಲ್ಲಿ ಅದೇ ಮನೆಯಲ್ಲಿದ್ದಾರೆ. ತನ್ನ ಊರನ್ನು ಬಿಟ್ಟು ಪೂರ್ವ ತೀರದ ಕಾಲೇಜೊಂದನ್ನು ಸೇರಬೇಕೆಂಬುದು ಮಗಳ ಹಂಬಲ. ಅದಕ್ಕೆ ಹಣವಿಲ್ಲ, ಅಂಕಗಳೂ ಸಾಲವು ಎಂಬುದು ತಾಯಿಯ ವಾದ.

ಹದಿಹರೆಯದ ಕಥನಗಳಲ್ಲಿ ಮೊದಲ ಪ್ರೇಮವೇ ಕಥೆಯ ಬೆನ್ನೆಲುಬಾಗುವುದು ವಾಡಿಕೆ. ಇಲ್ಲಿ ಡ್ಯಾನಿ ಮತ್ತು ಕೈಲ್ ಎಂಬ ಇಬ್ಬರು ಹುಡುಗರೊಡನೆ ನಾಯಕಿಯ ಸ್ನೇಹ ಬೆಳೆಯುತ್ತದೆ. ಎರಡೂ ಭ್ರಮನಿರಸನದಲ್ಲಿ ಮುಗಿಯುತ್ತವೆ. ಮೊದಲಿನಿಂದ ಕೊನೆಯವರೆಗೆ ಎಡೆಬಿಡದೆ ಸಾಗುವ ಸಂಬಂಧ ತಾಯಿಯದು ಮಾತ್ರ. ಮೊದಲ ದೃಶ್ಯದಲ್ಲಿ ತಾಯಿಮಗಳು ಒಂದೇ ಹಾಸಿಗೆಯಲ್ಲಿ ಎದುರುಬದುರಾಗಿ ಮಲಗಿ ನಿದ್ರಿಸುತ್ತಿದ್ದಾರೆ. ಕೊನೆಯ ದೃಶ್ಯದಲ್ಲಿ ಅವರ ನಡುವೆ ಇಡೀ ಖಂಡದ ಅಗಲವಿದೆ. ಈ ಎರಡು ಬಿಂದುಗಳ ನಡುವಿನ ದೂರವನ್ನು ಕ್ರಮಿಸುವುದೇ ಚಿತ್ರದ ಕಥೆ.

3. ಧ್ವನಿಯ ಎರಡು ಬಗೆಗಳು

9ನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದ ಮೊದಲ ಉದ್ಯೋತದಲ್ಲಿ ವಾಚ್ಯಾರ್ಥಕ್ಕಿಂತ ವ್ಯಂಗ್ಯಾರ್ಥ ಬೇರೆಯೆಂಬುದನ್ನು ಸಾಧಿಸಲು ಪ್ರಾಕೃತ ಪದ್ಯಗಳನ್ನು ಉದಾಹರಿಸುತ್ತಾನೆ. ಒಂದರಲ್ಲಿ ‘ನಿರಾತಂಕವಾಗಿ ಅಡ್ಡಾಡು’ ಎಂಬುದು ವಾಚ್ಯ, ‘ಇತ್ತ ಸುಳಿಯಬೇಡ’ ಎಂಬುದು ವ್ಯಂಗ್ಯ. ಮತ್ತೊಂದರಲ್ಲಿ ನಿಷೇಧವು ವಾಚ್ಯವಾಗಿದ್ದು ಆಹ್ವಾನವು ವ್ಯಂಗ್ಯವಾಗುತ್ತದೆ. ಎರಡರಲ್ಲಿಯೂ ಆಡುವವಳು ಹೆಣ್ಣು, ಮತ್ತು ಎರಡರಲ್ಲಿಯೂ ಮಾತನ್ನು ಕೇಳುವವರು ಇಬ್ಬರಿದ್ದಾರೆ: ಪದ್ಯದೊಳಗಿನ ಕೇಳುಗ, ಪದ್ಯದ ಹೊರಗಿನ ಸಹೃದಯ. ಒಳಗಿನ ಕೇಳುಗನಿಗೆ ಧ್ವನಿ ತಿಳಿಯಿತೋ ಇಲ್ಲವೋ ಹೊರಗಿನ ಸಹೃದಯನಿಗೆ ತಿಳಿಯುತ್ತದೆ.

ಧ್ವನಿಯನ್ನು ಆನಂದವರ್ಧನನು ಮುಖ್ಯವಾಗಿ ಎರಡಾಗಿ ವಿಂಗಡಿಸುತ್ತಾನೆ. ಅವಿವಕ್ಷಿತವಾಚ್ಯದಲ್ಲಿ ಆಡಿದ ಮಾತಿನ ನೇರ ಅರ್ಥ ಉದ್ದೇಶಿತವೇ ಅಲ್ಲ. ಅದು ಬೇರೊಂದು ಅರ್ಥಕ್ಕೆ ಸಂಕ್ರಮಿಸುತ್ತದೆ ಇಲ್ಲವೇ ಪೂರ್ತಿ ತಿರಸ್ಕೃತವಾಗುತ್ತದೆ. ವಿವಕ್ಷಿತಾನ್ಯಪರವಾಚ್ಯದಲ್ಲಿ ನೇರ ಅರ್ಥವೂ ಉದ್ದೇಶಿತವೇ. ಆದರೆ ಅದು ತನ್ನಲ್ಲೇ ನಿಲ್ಲದೆ ಮತ್ತೊಂದರತ್ತ ಕೈತೋರುತ್ತದೆ. ರಸಧ್ವನಿಯು ಈ ಎರಡನೆಯ ಬಗೆಗೆ ಸೇರಿದ್ದೆಂಬುದನ್ನು ಇಲ್ಲಿ ನೆನೆಯಬೇಕು. ಅಂದರೆ ರಸವು ಹೊಮ್ಮುವುದು ವಾಚ್ಯವನ್ನು ಅಳಿಸಿಹಾಕಿದಾಗಲ್ಲ, ವಾಚ್ಯವನ್ನು ಉಳಿಸಿಕೊಂಡಾಗ. ಕನ್ನಡದಲ್ಲಿ ‘ಕವಿರಾಜಮಾರ್ಗ’ವು ಧ್ವನಿಯನ್ನು ಅಲಂಕಾರವೆಂದು ಉಲ್ಲೇಖಿಸಿದಲ್ಲಿಂದ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯವರೆಗೆ ಈ ತತ್ತ್ವದ ಚರ್ಚೆ ನಡೆದುಬಂದಿದೆ. ಆ ಚರ್ಚೆಯ ಬಹುಪಾಲು ಪದ್ಯಕ್ಕೆ ಸಂಬಂಧಿಸಿದ್ದು. ಆದರೆ ಆನಂದವರ್ಧನನ ಉದಾಹರಣೆಗಳೇ ಪಾತ್ರಗಳ ಬಾಯಿಯಲ್ಲಿ ಬಂದ ಮಾತುಗಳಾದ್ದರಿಂದ, ಸಂಭಾಷಣೆಯೇ ಜೀವಾಳವಾದ ಚಲನಚಿತ್ರಕ್ಕೆ ಅದನ್ನು ಅನ್ವಯಿಸುವುದರಲ್ಲಿ ಅನೌಚಿತ್ಯವಿಲ್ಲ.

ಚಿತ್ರದ ಆರಂಭದ ಕಾರಿನ ದೃಶ್ಯವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು. ಕಾಲೇಜುಗಳನ್ನು ನೋಡಿಕೊಂಡು ತಾಯಿಮಗಳು ಊರಿಗೆ ಮರಳುತ್ತಿದ್ದಾರೆ. ಜಾನ್ ಸ್ಟೈನ್‌ಬೆಕ್‌ನ ‘ದಿ ಗ್ರೇಪ್ಸ್ ಆಫ್ ರಾತ್’ (1939) ಕಾದಂಬರಿಯ ವಾಚನವನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಮುಗಿಸಿ ಇಬ್ಬರೂ ಕಣ್ಣೀರಿಡುತ್ತಾರೆ. ಬರಗಾಲದಿಂದ ಕಂಗೆಟ್ಟು ಇದೇ ಕ್ಯಾಲಿಫೋರ್ನಿಯದ ಕಣಿವೆಗೆ ವಲಸೆ ಬರುವ ಬಡ ಕುಟುಂಬದ ಕಥೆಯದು. ಆ ಕುಟುಂಬವನ್ನು ಹಿಡಿದಿಡುವವಳೂ ತಾಯಿಯೇ. ಕೇಳಿದ್ದನ್ನು ಮನಸ್ಸಿನಲ್ಲಿ ಉಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿರೋಣವೆಂದು ತಾಯಿ ಬಯಸಿದರೆ ಮಗಳು ರೇಡಿಯೊ ಹಾಕಲು ಕೈಚಾಚುತ್ತಾಳೆ. ಅಲ್ಲಿಂದ ಹುಟ್ಟಿದ ಜಗಳ ಕಾಲೇಜಿನ ವಿಷಯಕ್ಕೆ ತಿರುಗಿ, ನಿನ್ನ ದುಡಿಮೆಗೆ ಊರಿನ ಸಾಮಾನ್ಯ ಕಾಲೇಜೇ ಸರಿ, ಅಲ್ಲಿಂದ ಜೈಲಿಗೆ, ಜೈಲಿನಿಂದ ಮತ್ತೆ ಅಲ್ಲಿಗೆ ಎಂದು ತಾಯಿ ಹೀಯಾಳಿಸುವವರೆಗೆ ಹೋಗುತ್ತದೆ. ಮಾತು ಮುಗಿಯುವ ಮೊದಲೇ ಮಗಳು ಓಡುತ್ತಿರುವ ಕಾರಿನ ಬಾಗಿಲು ತೆರೆದು ಹೊರಕ್ಕೆ ಹಾರುತ್ತಾಳೆ. ಮುಂದಿನ ಹಲವು ದೃಶ್ಯಗಳಲ್ಲಿ ಅವಳ ಕೈಗೆ ಗುಲಾಬಿ ಬಣ್ಣದ ಪ್ಲಾಸ್ಟರ್ ಇದೆ, ಅದರ ಮೇಲೆ ತಾಯಿಯನ್ನು ಬೈದು ಬರೆದ ಮಾತಿದೆ.

ತಾಯಿಯ ಹೀಯಾಳಿಕೆಯ ಹಿಂದೆ ಮಗಳ ಭವಿಷ್ಯದ ಭೀತಿ ಇದೆಯೆಂಬುದು ಸ್ಪಷ್ಟ. ಆದರೆ ಆ ಕಾರಣಕ್ಕೆ ಹೀಯಾಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲು ಚಿತ್ರ ಅವಕಾಶ ಕೊಡುವುದಿಲ್ಲ. ಮುರಿದ ಕೈ ವಾಚ್ಯಾರ್ಥ ಮಾಡಿದ ಗಾಯದ ಸಾಕ್ಷಿಯಾಗಿ ವಾರಗಟ್ಟಲೆ ಪರದೆಯ ಮೇಲೆ ಉಳಿಯುತ್ತದೆ. ಮರಿಯನ್‌ಳ ಮಾತು ವಿವಕ್ಷಿತಾನ್ಯಪರವಾಚ್ಯ. ಅವಳು ಹೇಳಿದ್ದು ಅವಳ ಉದ್ದೇಶವೇ, ಅದರಾಚೆಗಿನದೂ ಉದ್ದೇಶವೇ. ಈ ಎರಡನ್ನೂ ಒಟ್ಟಿಗೆ ಹಿಡಿಯದ ಓದು ಚಿತ್ರವನ್ನು ಸರಳಗೊಳಿಸುತ್ತದೆ.

4. ವಾಚ್ಯದ ಆರ್ಥಿಕ ನೆಲೆ

ಮರಿಯನ್‌ಳ ಮಾತುಗಳ ನೇರ ಅರ್ಥ ಹೆಚ್ಚಾಗಿ ಹಣಕ್ಕೆ ಸಂಬಂಧಿಸಿದ್ದು. ಬಟ್ಟೆಗಳನ್ನು ಮಡಿಸಿಡದೆ ಮಲಗಿದ ಮಗಳನ್ನು ಅವಳು ಗದರಿಸುವ ಸಂದರ್ಭವಿದೆ. ಮೇಲುನೋಟಕ್ಕೆ ಇದು ಅಚ್ಚುಕಟ್ಟಿನ ಪ್ರಶ್ನೆ. ಆದರೆ ಆಕೆ ಕೊಡುವ ಕಾರಣ ಬೇರೆ: ನಿನ್ನ ಗೆಳತಿಯರ ತಂದೆಯರಲ್ಲಿ ಕೆಲವರು ನಿನ್ನ ಅಪ್ಪನಿಗೆ ಕೆಲಸ ಕೊಡಬಲ್ಲವರು, ಅವನ ಸಂಸಾರ ಕೊಳಕಾಗಿ ಕಂಡರೆ ಯಾರೂ ಕೊಡುವುದಿಲ್ಲ. ಸಿರಿವಂತರ ಮಕ್ಕಳು ಓದುವ ಶಾಲೆಯಲ್ಲಿ ಇಸ್ತ್ರಿಯಿಲ್ಲದ ಸಮವಸ್ತ್ರ ಒಂದು ಕುಟುಂಬದ ಅನ್ನಕ್ಕೆ ಸಂಚಕಾರ ತರಬಹುದೆಂಬ ಅಂಜಿಕೆ ಆ ಮಾತಿನಲ್ಲಿದೆ. ಒಮ್ಮೆಯಾದರೂ ನೀನು ಬಟ್ಟೆ ಎತ್ತಿಡದೆ ಮಲಗಿಲ್ಲವೆ, ಆಗ ನಿನ್ನ ಅಮ್ಮ ಬೈಯದಿದ್ದರೆ ಒಳ್ಳೆಯದಿತ್ತು ಅನ್ನಿಸಲಿಲ್ಲವೆ ಎಂದು ಮಗಳು ಕೇಳಿದರೆ, ನನ್ನ ಅಮ್ಮ ಕುಡುಕಿಯಾಗಿದ್ದಳು, ಹಿಂಸೆ ಕೊಡುತ್ತಿದ್ದಳು ಎಂದು ತಾಯಿ ಒಂದೇ ವಾಕ್ಯದಲ್ಲಿ ಉತ್ತರಿಸುತ್ತಾಳೆ. ಚಿತ್ರ ಆ ಹಿಂದಣ ಕಥೆಯನ್ನು ಮತ್ತೆ ಮುಟ್ಟುವುದಿಲ್ಲ. ತಾನು ಪಡೆಯದ್ದನ್ನು ಮಗಳಿಗೆ ಕೊಡಲು ಹೊರಟ ಹೆಣ್ಣಿಗೆ ಕೊಡುವ ಬಗೆ ಕಲಿಸಿದವರಿಲ್ಲ ಎಂಬುದು ಅಷ್ಟರಿಂದಲೇ ಧ್ವನಿತವಾಗುತ್ತದೆ.

ಇನ್ನೊಂದು ಜಗಳದಲ್ಲಿ ಮಗಳು ಕಾಗದ, ಪೆನ್ನು ಹಿಡಿದು ತನ್ನನ್ನು ಸಾಕಲು ತಗುಲಿದ ವೆಚ್ಚ ಎಷ್ಟೆಂದು ಹೇಳು, ದೊಡ್ಡವಳಾಗಿ ದುಡಿದು ಚೆಕ್ ಬರೆದುಕೊಟ್ಟು ಮತ್ತೆಂದೂ ಮಾತಾಡುವುದಿಲ್ಲ ಎನ್ನುತ್ತಾಳೆ. ಅಷ್ಟು ಸಂಬಳದ ಕೆಲಸ ನಿನಗೆ ಸಿಗುವುದು ಅನುಮಾನ ಎಂದು ತಾಯಿ ಹೇಳುತ್ತಾಳೆ. ಮಾತೃಋಣವನ್ನು ತೀರಿಸಲಾಗದ್ದೆಂದು ಹೊಗಳುವ ಸಂಪ್ರದಾಯ ಅನೇಕ ಸಮಾಜಗಳಲ್ಲಿದೆ. ಇಲ್ಲಿ ಆ ಋಣ ಅಕ್ಷರಶಃ ಲೆಕ್ಕದ ಪುಸ್ತಕಕ್ಕೆ ಬಂದಿದೆ. ಎರಡು ಪಾಳಿಗಳ ದುಡಿಮೆಯಿಂದ ಸಂಸಾರ ನಡೆಸುವ ಮನೆಯಲ್ಲಿ ಪ್ರೀತಿಯ ಭಾಷೆಯೂ ಖರ್ಚಿನ ಭಾಷೆಯೂ ಬೇರೆಬೇರೆಯಾಗಿ ಉಳಿಯಲಾರವು.

ವರ್ಗದ ಅವಮಾನ ಎರಡೂ ಕಡೆಗಿದೆ. ಮಗಳು ತಂದೆಯ ಕಾರನ್ನು ಶಾಲೆಗೆ ಸ್ವಲ್ಪ ದೂರದಲ್ಲೇ ನಿಲ್ಲಿಸಿಕೊಂಡು ಇಳಿಯುತ್ತಾಳೆ. ತಮ್ಮ ಮನೆ ರೈಲು ಹಳಿಯ ಆಚೆಬದಿಯಲ್ಲಿದೆ ಎಂದು ಗೆಳೆಯನೆದುರು ಹಗುರವಾಗಿ ಆಡಿಕೊಂಡಿದ್ದಾಳೆ. ಅಮೆರಿಕದ ಇಂಗ್ಲಿಷಿನಲ್ಲಿ ಹಳಿಯ ಆಚೆಬದಿಯೆಂದರೆ ಬಡವರ ಕೇರಿ. ಆ ಹುಡುಗ ಮನೆಗೆ ಬಂದಾಗ, ಅದೊಂದು ರೂಪಕವೆಂದುಕೊಂಡಿದ್ದೆ, ನಿಜವಾಗಿಯೂ ಹಳಿಗಳಿವೆಯಲ್ಲ ಎಂದು ಮುಗ್ಧನಾಗಿ ತಾಯಿಯೆದುರೇ ಹೇಳಿಬಿಡುತ್ತಾನೆ. ಮರಿಯನ್ ಏನೂ ಹೇಳುವುದಿಲ್ಲ, ಅವಳ ಮುಖ ಮಾತ್ರ ಕಾಣುತ್ತದೆ. ಲಕ್ಷಣಾರ್ಥವೂ ವಾಚ್ಯಾರ್ಥವೂ ಒಂದೇ ಆಗಿಬಿಡುವ ಈ ಕ್ಷಣದಲ್ಲಿ ಬಡತನವು ರೂಪಕದ ರಕ್ಷಣೆಯನ್ನು ಕಳೆದುಕೊಳ್ಳುತ್ತದೆ.

ಮರಿಯನ್ ಸ್ವಭಾವತಃ ಕಠೋರಳೆಂದು ತೀರ್ಮಾನಿಸದಂತೆ ಚಿತ್ರವು ಬೇರೆ ಪುರಾವೆಗಳನ್ನೂ ಇಡುತ್ತದೆ. ಖಿನ್ನತೆಗೊಳಗಾದ ಶಾಲೆಯ ನಾಟಕದ ಪಾದ್ರಿ ಆಸ್ಪತ್ರೆಗೆ ಬಂದಾಗ ಅವಳು ಅತ್ಯಂತ ಮೃದುವಾಗಿ ಮಾತನಾಡಿಸುತ್ತಾಳೆ. ಹೆತ್ತವರು ಹೊರಹಾಕಿದ ಶೆಲ್ಲಿಗೆ ಆಸರೆ ಕೊಟ್ಟವಳೂ ಅವಳೇ. ನಿನ್ನ ಅಮ್ಮನ ಹೃದಯ ದೊಡ್ಡದು ಎಂದು ಶೆಲ್ಲಿ ಹೇಳಿದಾಗ ಮಗಳಿಗೆ ಅದು ಅಪರಿಚಿತಳೊಬ್ಬಳ ವರ್ಣನೆಯಂತೆ ಕೇಳಿಸುತ್ತದೆ. ಪರರಿಗೆ ಸುಲಭವಾಗಿ ಒದಗುವ ಮೃದುತ್ವ ಮಗಳಿಗೆ ಮಾತ್ರ ಒದಗದಿರುವುದಕ್ಕೆ ಕಾರಣ ಮಗಳ ಬಗೆಗಿನ ಆತಂಕವೇ.

5. ಪ್ರೀತಿ ಮತ್ತು ಮೆಚ್ಚುಗೆ

ಚಿತ್ರದ ತಾತ್ತ್ವಿಕ ಕೇಂದ್ರವೆನ್ನಬಹುದಾದ ಸಂಭಾಷಣೆ ನಡೆಯುವುದು ಬಟ್ಟೆಯಂಗಡಿಯೊಂದರಲ್ಲಿ. ಶಾಲೆಯ ನೃತ್ಯಕೂಟಕ್ಕೆ ಮಗಳು ಗುಲಾಬಿ ಉಡುಪೊಂದನ್ನು ಆರಿಸಿ ಸಂತೋಷದಿಂದ ತೊಟ್ಟು ತೋರಿಸುತ್ತಾಳೆ. ಬಣ್ಣ ಸ್ವಲ್ಪ ಹೆಚ್ಚಾಯಿತಲ್ಲವೆ ಎಂಬುದು ತಾಯಿಯ ಮೊದಲ ಮಾತು. ಆಗ ಮಗಳು, ನಾನು ನಿನಗೆ ಇಷ್ಟವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನುತ್ತಾಳೆ. ನಿನ್ನ ಮೇಲೆ ಪ್ರೀತಿ ಇದ್ದೇ ಇದೆಯಲ್ಲ ಎಂದು ತಾಯಿ. ಪ್ರೀತಿ ಸರಿ, ನಾನು ನಿನಗೆ ಇಷ್ಟವೆ ಎಂದು ಮಗಳು ಮತ್ತೆ ಕೇಳುತ್ತಾಳೆ. ನೀನು ಆಗಬಹುದಾದಷ್ಟು ಉತ್ತಮಳಾಗಬೇಕೆಂಬುದು ನನ್ನಾಸೆ ಎಂದು ತಾಯಿ ಹೇಳಿದರೆ, ಆಗಬಹುದಾದದ್ದು ಇಷ್ಟೇ ಆಗಿದ್ದರೆ ಎಂಬುದು ಮಗಳ ಕೊನೆಯ ಪ್ರಶ್ನೆ. ಅದಕ್ಕೆ ತಾಯಿಯ ಬಳಿ ಉತ್ತರವಿಲ್ಲ.

ಇಂಗ್ಲಿಷಿನ ಎರಡು ಕ್ರಿಯಾಪದಗಳ ಮೇಲೆ ನಿಂತ ಈ ಭೇದವನ್ನು ಕನ್ನಡದಲ್ಲಿ ‘ಪ್ರೀತಿಸು’, ‘ಮೆಚ್ಚು’ ಎಂಬ ಪದಗಳಿಂದ ಗ್ರಹಿಸಬಹುದು. ಪ್ರೀತಿ ಸಂಬಂಧಕ್ಕೆ ಅಂಟಿಕೊಂಡದ್ದು, ಮಗಳಾದ ಕಾರಣಕ್ಕೇ ಸಿಗುವಂಥದ್ದು. ಮೆಚ್ಚುಗೆ ವ್ಯಕ್ತಿಯನ್ನು ಅವಳಿರುವಂತೆಯೇ ಕಂಡಾಗ ಹುಟ್ಟುವಂಥದ್ದು. ಮಗಳು ಕೇಳುತ್ತಿರುವುದು ಎರಡನೆಯದನ್ನು. ತಾಯಿಯ ಕಣ್ಣು ಸದಾ ಮಗಳು ಆಗಬೇಕಾದದ್ದರ ಮೇಲಿರುವುದರಿಂದ ಆಗಿರುವವಳು ಅದಕ್ಕೆ ಬೀಳುವುದಿಲ್ಲ. ಬಾಲ್ಯದಿಂದ ಹೊರಬರುವ ಮಗಳಿಗೆ ವಾತ್ಸಲ್ಯವೊಂದೇ ಸಾಲದೆಂಬುದನ್ನು ಚಿತ್ರ ಇಲ್ಲಿ ಸ್ಥಾಪಿಸುತ್ತದೆ.

6. ವತ್ಸಲರಸದ ಅನುಭಾವಗಳು

ಭರತನು ಹೇಳಿದ 8 ರಸಗಳಲ್ಲಿ ವಾತ್ಸಲ್ಯಕ್ಕೆ ಸ್ಥಾನವಿಲ್ಲ. 14ನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ವತ್ಸಲವನ್ನು ರಸವೆಂದು ಒಪ್ಪಿ ಅದರ ಸಾಮಗ್ರಿಯನ್ನು ನಿರೂಪಿಸುತ್ತಾನೆ. ಮಕ್ಕಳು ಆಲಂಬನ. ಅವರ ಚೇಷ್ಟೆ, ವಿದ್ಯೆ, ಶೌರ್ಯ, ದಯೆ ಮೊದಲಾದವು ಉದ್ದೀಪನ. ಆಲಿಂಗನ, ಅಂಗಸ್ಪರ್ಶ, ನೆತ್ತಿಗೆ ಮುತ್ತಿಡುವುದು, ದಿಟ್ಟಿಸಿ ನೋಡುವುದು, ರೋಮಾಂಚ, ಆನಂದಬಾಷ್ಪ ಇವು ಅನುಭಾವ. ಈ ಪಟ್ಟಿಯ ಹಿಂದಿರುವ ಚಿತ್ರ ಎತ್ತಿಕೊಳ್ಳಬಹುದಾದ ಮಗುವಿನದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆಲಂಬನವು 17 ವರ್ಷದ, ಎದುರುತ್ತರ ಕೊಡುವ ಮಗಳಾದಾಗ ಈ ಅನುಭಾವಗಳ ಗತಿಯೇನು?

‘ಲೇಡಿ ಬರ್ಡ್’ ಚಿತ್ರದಲ್ಲಿ ಅನುಭಾವಗಳು ಕೆಲಸಗಳ ರೂಪಕ್ಕೆ ಸ್ಥಳಾಂತರಗೊಂಡಿವೆ. ಹಬ್ಬದೂಟಕ್ಕೆ ಗೆಳೆಯನ ಅಜ್ಜಿಯ ಮನೆಗೆ ಹೋಗಲಿರುವ ಮಗಳಿಗೆ ಉಡುಪು ಕೊಳ್ಳಲು ಇಬ್ಬರೂ ಹಳೆಬಟ್ಟೆಯ ಅಂಗಡಿಗೆ ಹೋಗುತ್ತಾರೆ. ಕಾಲೆಳೆದುಕೊಂಡು ನಡೆಯುತ್ತೀಯೆ ಎಂಬ ತಾಯಿಯ ಚುಚ್ಚುಮಾತಿನಿಂದ ಶುರುವಾದ ಜಗಳ ತಾರಕಕ್ಕೇರುವಾಗ ತಾಯಿ ಸಾಲಿನಿಂದ ಒಂದು ಉಡುಪನ್ನು ಹೊರತೆಗೆಯುತ್ತಾಳೆ. ಅದನ್ನು ಕಂಡದ್ದೇ ಇಬ್ಬರ ದನಿಯೂ ಬದಲಾಗಿ ಸಂತೋಷದಲ್ಲಿ ಒಂದಾಗುತ್ತದೆ. ಜಗಳಕ್ಕೆ ಮುಕ್ತಾಯವೂ ಇಲ್ಲ, ಕ್ಷಮೆಯಾಚನೆಯೂ ಇಲ್ಲ. ಆ ರಾತ್ರಿ ಮನೆಯವರು ಮಲಗಿದ ಮೇಲೆ ತಾಯಿ ಹೊಲಿಗೆ ಯಂತ್ರದ ಮುಂದೆ ಕುಳಿತು ಆ ಉಡುಪನ್ನು ಮಗಳ ಅಳತೆಗೆ ತಿದ್ದುತ್ತಾಳೆ. ಮಗಳ ಮೈಯನ್ನು ಮುಟ್ಟಲಾಗದ ಕೈ ಅವಳು ತೊಡಲಿರುವ ಬಟ್ಟೆಯನ್ನು ಮುಟ್ಟುತ್ತದೆ. ಅಂಗಸ್ಪರ್ಶವೆಂಬ ಅನುಭಾವ ಹೊಲಿಗೆಯಾಗಿ ಮಾರ್ಪಟ್ಟಿದೆ, ಅದನ್ನು ಮಗಳು ನೋಡುವುದಿಲ್ಲ.

ಶಾಸ್ತ್ರೋಕ್ತ ಆಲಿಂಗನ ಚಿತ್ರದಲ್ಲಿ ಇಲ್ಲವೆಂದಲ್ಲ. ಕೈಲ್‌ನೊಡನೆ ಕಳೆದ ಮೊದಲ ಅನುಭವ ಅವನ ಸುಳ್ಳಿನಿಂದ ಕಹಿಯಾದಾಗ ಮಗಳು ತಾಯಿಯ ಕಾರಿನೊಳಗೆ ಕುಳಿತು ಬಿಕ್ಕುತ್ತಾಳೆ. ತಾಯಿ ತಬ್ಬಿಕೊಳ್ಳುತ್ತಾಳೆ. ಆಮೇಲೆ ಇಬ್ಬರೂ ತಮ್ಮ ಭಾನುವಾರದ ಮೆಚ್ಚಿನ ಹವ್ಯಾಸಕ್ಕೆ ತೊಡಗುತ್ತಾರೆ: ಮಾರಾಟಕ್ಕಿಟ್ಟ ಸಿರಿವಂತರ ಮನೆಗಳನ್ನು ಕೊಳ್ಳುವವರಂತೆ ಸುತ್ತಿ ನೋಡುವುದು. ತಮ್ಮದಲ್ಲದ ಮನೆಗಳ ಕೋಣೆಗಳಲ್ಲಿ ಮಾತ್ರ ಈ ಇಬ್ಬರು ಕಲಹವಿಲ್ಲದೆ ಒಟ್ಟಿಗಿರಬಲ್ಲರು. ಖರ್ಚಿನ ಭಾಷೆ ಕನಸಿನಲ್ಲಿ ಅಮಾನತಾದಾಗ ಸ್ನೇಹಕ್ಕೆ ಜಾಗ ದೊರೆಯುತ್ತದೆ.

7. ಮೌನ ಮತ್ತು ಹರಿದ ಕಾಗದಗಳು

ತಂದೆಯ ನೆರವಿನಿಂದ ಮಗಳು ಗುಟ್ಟಾಗಿ ಪೂರ್ವದ ಕಾಲೇಜುಗಳಿಗೆ ಅರ್ಜಿ ಹಾಕಿದ್ದು ಶಾಲಾ ಪದವಿಯ ಸಂಭ್ರಮದ ದಿನ ಬಯಲಾಗುತ್ತದೆ. ಅಲ್ಲಿಯವರೆಗೆ ಎಡೆಬಿಡದೆ ಮಾತನಾಡುತ್ತಿದ್ದ ತಾಯಿ ಮಾತು ನಿಲ್ಲಿಸುತ್ತಾಳೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುವ ಅವಳ ಬೆನ್ನಿನ ಹಿಂದೆ ನಿಂತು ಮಗಳು ಬೇಡಿಕೊಂಡರೂ ಉತ್ತರವಿಲ್ಲ. ಕಟುವಾದ ವಾಚ್ಯವೂ ಒಂದು ಬಗೆಯ ಸಾಮೀಪ್ಯವಾಗಿತ್ತೆಂಬುದು ಅದು ಇಲ್ಲವಾದಾಗ ತಿಳಿಯುತ್ತದೆ. ವಾಚ್ಯವೇ ಇಲ್ಲದ ಕಡೆ ಧ್ವನಿಗೆ ಆಧಾರವಿಲ್ಲ. ಈ ಮೌನ ಶಿಕ್ಷೆಯಾಗಿ ಪ್ರಯೋಗಗೊಂಡಿದೆ, ಅದನ್ನು ಕೋಮಲವಾಗಿ ಅರ್ಥೈಸಲು ಚಿತ್ರ ಪ್ರಯತ್ನಿಸುವುದಿಲ್ಲ.

ವಿಮಾನ ನಿಲ್ದಾಣದಲ್ಲಿ ಮರಿಯನ್ ಕಾರಿನಿಂದ ಇಳಿಯುವುದಿಲ್ಲ. ಪಾರ್ಕಿಂಗ್ ದುಬಾರಿಯೆಂಬುದು ಅವಳು ಕೊಡುವ ಕಾರಣ. ಇಲ್ಲಿಯೂ ವಾಚ್ಯ ಹಣದ್ದೇ, ಇಲ್ಲಿಯೂ ಅದು ಸುಳ್ಳಲ್ಲ. ನಿಲ್ದಾಣವನ್ನು ಒಂದು ಸುತ್ತು ಹಾಕುವಷ್ಟರಲ್ಲಿ ಅವಳ ಮುಖದಲ್ಲಿ ನಡೆಯುವ ಬದಲಾವಣೆಯನ್ನು ಕ್ಯಾಮೆರಾ ಕದಲದೆ ಹಿಡಿದಿಡುತ್ತದೆ. ಕಣ್ಣೀರು ಉಕ್ಕಿ ಮರಳಿ ಓಡಿಬರುವ ವೇಳೆಗೆ ಮಗಳು ಒಳಗೆ ಹೋಗಿಯಾಗಿದೆ. ವಿಶ್ವನಾಥ ಹೇಳಿದ ಬಾಷ್ಪ ಇಲ್ಲಿದೆ, ಆದರೆ ಆನಂದದ್ದಲ್ಲ, ಮತ್ತು ಆಲಂಬನದ ಎದುರಿಗೂ ಅಲ್ಲ.

ನ್ಯೂಯಾರ್ಕಿನಲ್ಲಿ ಪೆಟ್ಟಿಗೆ ತೆರೆದ ಮಗಳಿಗೆ ಮುದುಡಿ ಬಿಡಿಸಿದ ಹಳದಿ ಕಾಗದಗಳು ಸಿಗುತ್ತವೆ. ತಾಯಿ ರಾತ್ರಿಯೆಲ್ಲ ಕುಳಿತು ಬರೆದು, ಮುಗಿಸಲಾಗದೆ ಎಸೆದ ಪತ್ರಗಳು ಅವು. ತಂದೆ ಕಸದಿಂದ ಆಯ್ದು ಇಟ್ಟಿದ್ದಾನೆ. ತಪ್ಪುಗಳಿರಬಹುದು, ತನ್ನ ಬರವಣಿಗೆಯನ್ನು ಮಗಳು ಅಳೆಯಬಹುದು ಎಂದು ಅವಳು ಹೆದರಿದ್ದಳೆಂದು ಆತ ಫೋನಿನಲ್ಲಿ ತಿಳಿಸುತ್ತಾನೆ. ಇದು ಚಿತ್ರದ ಮಹತ್ತ್ವದ ತಿರುವು. ಮಗಳನ್ನು ಸದಾ ಅಳೆಯುತ್ತಿದ್ದವಳು ಮಗಳ ಅಳತೆಗೆ ತಾನೂ ಅಂಜುತ್ತಿದ್ದಳು. ಓದಿದ ಮಗಳ ಮುಂದೆ ಅಕ್ಷರ ತಪ್ಪಾದೀತೆಂಬ ತಾಯಿಯ ಅಳುಕು, ಮೊದಲ ತಲೆಮಾರಿನ ವಿದ್ಯಾರ್ಥಿಗಳನ್ನು ಬಲ್ಲ ಕನ್ನಡದ ಅಧ್ಯಾಪಕರಿಗೆ ಅಪರಿಚಿತವೆನಿಸದು. ವಿದ್ಯೆ ಇಲ್ಲಿ ವಾತ್ಸಲ್ಯಕ್ಕೆ ಉದ್ದೀಪನವೂ ಹೌದು, ಅದರ ಅಭಿವ್ಯಕ್ತಿಗೆ ತಡೆಯೂ ಹೌದು.

8. ಇಟ್ಟ ಹೆಸರು, ಇಟ್ಟುಕೊಂಡ ಹೆಸರು

ಕನ್ನಡದ ಮನೆಗಳಲ್ಲಿ ‘ಇಟ್ಟ ಹೆಸರು’, ‘ಕರೆಯುವ ಹೆಸರು’ ಎಂಬ ಎರಡು ಬಗೆಗಳುಂಟು. ಎರಡನ್ನೂ ಕೊಡುವವರು ಹಿರಿಯರೇ. ‘ಲೇಡಿ ಬರ್ಡ್’ ಎಂಬುದು ಮೂರನೆಯ ಬಗೆ, ಇಟ್ಟುಕೊಂಡ ಹೆಸರು. ಇದು ನಿನಗೆ ಕೊಟ್ಟ ಹೆಸರೇ ಎಂದು ಪಾದ್ರಿ ಕೇಳಿದಾಗ, ನನಗೆ ನಾನೇ ಕೊಟ್ಟದ್ದು ಎಂದು ಅವಳು ಉತ್ತರಿಸುತ್ತಾಳೆ. ಸ್ವನಾಮಕರಣವು ತಾಯಿಯಿಂದ ಪಡೆದುದನ್ನು ತಿರಸ್ಕರಿಸುವ ಕ್ರಿಯೆಯೂ ಹೌದು. ನ್ಯೂಯಾರ್ಕಿನ ಮೊದಲ ಕೂಟದಲ್ಲಿ ಹೆಸರು ಕೇಳಿದಾಗ ಅವಳ ಬಾಯಿಂದ ಬರುವುದು ‘ಕ್ರಿಸ್ಟಿನ್’. ಆದರೆ ಅದೇ ಸಂಭಾಷಣೆಯಲ್ಲಿ ತನ್ನ ಊರು ಸ್ಯಾಕ್ರಮೆಂಟೊ ಎಂದದ್ದು ಕೇಳುಗನಿಗೆ ತಿಳಿಯದಿದ್ದಾಗ ಸ್ಯಾನ್ ಫ್ರಾನ್ಸಿಸ್ಕೊ ಎಂದುಬಿಡುತ್ತಾಳೆ. ಹೆಸರನ್ನು ಮರಳಿ ಪಡೆದ ಗಳಿಗೆಯಲ್ಲೇ ಊರನ್ನು ಬಿಟ್ಟುಕೊಟ್ಟಿದ್ದಾಳೆ. ಬೆಳವಣಿಗೆಯನ್ನು ನೇರ ಮೆಟ್ಟಿಲಾಗಿ ತೋರಿಸದ ಈ ಎಚ್ಚರ ಚಿತ್ರದ ಗುಣ.

ಊರಿನ ಬಗೆಗೆ ಅವಳು ಬರೆದ ಪ್ರಬಂಧವನ್ನು ಓದಿದ ಶಾಲೆಯ ಸನ್ಯಾಸಿನಿ, ನಿನಗೆ ಈ ಊರಿನ ಮೇಲೆ ಪ್ರೀತಿಯಿದೆ ಎಂದಿದ್ದಳು. ಗಮನವಿಟ್ಟು ನೋಡುತ್ತೇನೆ ಅಷ್ಟೆ ಎಂದು ಹುಡುಗಿ ಹೇಳಿದಾಗ, ಪ್ರೀತಿ ಮತ್ತು ಗಮನ ಎರಡೂ ಒಂದೇ ಇರಬಹುದಲ್ಲವೆ ಎಂದು ಕೇಳಿದ್ದಳು. ಈ ಮಾತು ಊರಿಗೆ ಹೇಗೋ ತಾಯಿಗೂ ಹಾಗೆಯೇ ಅನ್ವಯಿಸುತ್ತದೆ. ಮರಿಯನ್‌ಳ ದೋಷವೆಂದರೆ ಎಲ್ಲವನ್ನೂ ಗಮನಿಸುವುದು: ನಡಿಗೆ, ಬಟ್ಟೆ, ಬಣ್ಣ, ಖರ್ಚು. ಆ ಗಮನವೇ ಪ್ರೀತಿಯ ರೂಪವೆಂದು ತಿಳಿಯುವುದಕ್ಕೆ ಮಗಳಿಗೆ ದೂರ ಬೇಕಾಯಿತು.

ಕೊನೆಯಲ್ಲಿ ಕುಡಿದು ಆಸ್ಪತ್ರೆ ಸೇರಿ ಹೊರಬಂದ ಭಾನುವಾರ ಬೆಳಿಗ್ಗೆ ಅವಳು ಇಗರ್ಜಿಯೊಂದರ ಹಾಡುಗಾರಿಕೆ ಕೇಳಿ, ಮನೆಗೆ ಫೋನ್ ಮಾಡುತ್ತಾಳೆ. ಯಾರೂ ಎತ್ತುವುದಿಲ್ಲ. ನೀವಿಟ್ಟ ಹೆಸರು ಚೆನ್ನಾಗಿದೆ ಎಂದು ಧ್ವನಿಮುದ್ರಣಕ್ಕೆ ಹೇಳಿ, ಮೊದಲ ಬಾರಿ ಸ್ಯಾಕ್ರಮೆಂಟೊದಲ್ಲಿ ಕಾರು ನಡೆಸಿದಾಗ ನಿನಗೂ ಮನಸ್ಸು ತುಂಬಿಬಂದಿತ್ತೆ ಎಂದು ತಾಯಿಯನ್ನು ಕೇಳುತ್ತಾಳೆ. ಅದೇ ರಸ್ತೆಗಳಲ್ಲಿ ತಾಯಿ ಕಾರು ನಡೆಸುವ, ಮಗಳು ಕಾರು ನಡೆಸುವ ದೃಶ್ಯಗಳು ಒಂದರ ಹಿಂದೊಂದು ಬರುತ್ತವೆ. ಚಿತ್ರದಲ್ಲಿ ಮಗಳು ತಾಯಿಯ ಅನುಭವದ ಬಗೆಗೆ ಕುತೂಹಲದಿಂದ ಪ್ರಶ್ನಿಸುವುದು ಇಲ್ಲಿ. ಆನಂದವರ್ಧನನ ಪದ್ಯಗಳಲ್ಲಿ ಒಳಗಿನ ಕೇಳುಗ ಮತ್ತು ಹೊರಗಿನ ಸಹೃದಯ ಬೇರೆಬೇರೆ. ಈ ಕ್ಷಣದಲ್ಲಿ ಒಳಗಿನ ಕೇಳುಗಳೇ ಸಹೃದಯಳಾಗುತ್ತಾಳೆ. ಈವರೆಗೆ ನೋಡುಗರಿಗಷ್ಟೇ ಕೇಳಿಸುತ್ತಿದ್ದ ಧ್ವನಿ ಅವಳಿಗೂ ಕೇಳಿಸುತ್ತದೆ.

9. ಉಪಸಂಹಾರ

ಈ ವ್ಯಾಖ್ಯಾನಕ್ಕೆ ಒಂದು ಗಂಭೀರ ಆಕ್ಷೇಪವನ್ನು ಎತ್ತಬಹುದು. ಬೈಗುಳದಲ್ಲಿ ಪ್ರೀತಿಯನ್ನು ಕೇಳಿಸಿಕೊಳ್ಳುವ ಹೊಣೆಯನ್ನು ಮಗಳ ಮೇಲೆಯೇ ಹೊರಿಸಿದಂತಾಗಲಿಲ್ಲವೆ? ‘ಬೈದರೂ ಹೆತ್ತವಳಲ್ಲವೆ’ ಎಂಬ ಮಾತಿನಿಂದ ಎಷ್ಟೋ ಹೆಣ್ಣುಮಕ್ಕಳ ನೋವನ್ನು ಬಾಯಿಮುಚ್ಚಿಸಲಾಗಿದೆ. ಆ ಮಾತು ವಾಚ್ಯವನ್ನು ಅವಿವಕ್ಷಿತವೆಂದು ತಿಳಿಯುತ್ತದೆ. ನೋಯಿಸಿದ ಮಾತನ್ನು ಆಡಿಯೇ ಇಲ್ಲವೆಂಬಂತೆ ಅಳಿಸಿಹಾಕುತ್ತದೆ. ಧ್ವನಿತತ್ತ್ವವನ್ನು ಹಾಗೆ ಬಳಸುವುದು ತತ್ತ್ವಕ್ಕೂ ಅಪಚಾರ, ಮಗಳಿಗೂ ಅನ್ಯಾಯ. ಗರ್ವಿಗ್ ಅವರ ಚಿತ್ರದಲ್ಲಿ ಮುರಿದ ಕೈ, ಉತ್ತರ ಸಿಗದ ಪ್ರಶ್ನೆ, ಬೆನ್ನು ತಿರುಗಿಸಿದ ಮೌನ ಇವಾವುವೂ ಅಳಿಯುವುದಿಲ್ಲ. ಮಗಳು ಧನ್ಯವಾದ ಹೇಳುವಾಗಲೂ ಅವುಗಳನ್ನು ಮರೆತು ಹೇಳುವುದಿಲ್ಲ. ತಾಯಿಯ ಪ್ರತ್ಯುತ್ತರವನ್ನು ಚಿತ್ರ ತೋರಿಸುವುದೂ ಇಲ್ಲ.

ಮತ್ತೊಂದು ಅಂಶವನ್ನು ಗಮನಿಸಬೇಕು. ತಾಯಿ ನೇರವಾಗಿ ಆಡಿದ ಮಾತು ಕಳುಹಿಸದ ಪತ್ರದಲ್ಲಿದೆ. ಮಗಳು ನೇರವಾಗಿ ಆಡಿದ ಮಾತು ಯಾರೂ ಎತ್ತದ ಫೋನಿನಲ್ಲಿದೆ. ಎದುರಿಗಿರುವ ತನಕ ಇಬ್ಬರೂ ಧ್ವನಿಯ ಮೊರೆಹೊಕ್ಕರು, ಕೇಳುವವರು ಎದುರಿಗಿಲ್ಲದಾಗ ಮಾತ್ರ ಇಬ್ಬರಿಗೂ ವಾಚ್ಯ ಸಾಧ್ಯವಾಯಿತು. ಕಾವ್ಯದಲ್ಲಿ ಧ್ವನಿ ಉತ್ಕರ್ಷವೆನಿಸಿದರೂ ಬದುಕಿನಲ್ಲಿ ಅದಕ್ಕೆ ತೆರಬೇಕಾದ ಬೆಲೆಯಿದೆ ಎಂಬುದನ್ನು ಈ ಸಮಾನಾಂತರ ರಚನೆ ಸೂಚಿಸುತ್ತದೆ.

ಒಟ್ಟಾರೆಯಾಗಿ ಹೇಳುವುದಾದರೆ, ‘ಲೇಡಿ ಬರ್ಡ್’ ಚಿತ್ರವು ಹೆಣ್ಣುಮಗಳ ವಿಕಾಸವನ್ನು ದೇಹದ ಘಟನೆಯಿಂದಲೂ ಪ್ರೇಮದ ಘಟನೆಯಿಂದಲೂ ಬಿಡಿಸಿ ಆಲಿಸುವ ಶಕ್ತಿಯಾಗಿ ನಿರೂಪಿಸಿದೆ. ಇದನ್ನು ಓದುವಲ್ಲಿ ಧ್ವನಿ ಮತ್ತು ವತ್ಸಲರಸದ ಪರಿಕಲ್ಪನೆಗಳು ಉಪಯುಕ್ತವಾಗಿವೆ. ಹಾಗೆಯೇ ಚಿತ್ರವೂ ಆ ಪರಿಕಲ್ಪನೆಗಳಿಗೆ ಹೊಸ ಪ್ರಶ್ನೆಗಳನ್ನು ಒಡ್ಡಿದೆ: ವತ್ಸಲದ ಆಲಂಬನಕ್ಕೆ ವಯಸ್ಸಿನ ಮಿತಿಯುಂಟೆ? ಅನುಭಾವವನ್ನು ಆಲಂಬನವೇ ಕಾಣದಿದ್ದರೆ ಅದರ ಸ್ಥಿತಿಯೇನು? ಮಗಳು ತಾಯಿಯನ್ನು ಕಾಣುವ ಬಗೆಗೆ ರಸಶಾಸ್ತ್ರದಲ್ಲಿ ಹೆಸರೇನು? ತಾಯಿಯ ಕಡೆಯಿಂದ ಮಕ್ಕಳತ್ತ ಹರಿಯುವ ಭಾವವನ್ನು ವಿವರಿಸಿದ ಶಾಸ್ತ್ರವು ಮರುದಿಕ್ಕಿನ ಹರಿವನ್ನು ಅಷ್ಟೇ ವಿವರವಾಗಿ ಚರ್ಚಿಸುವ ಅಗತ್ಯವಿದೆ. ಕನ್ನಡದ ಕಥೆ, ಕಾದಂಬರಿ, ಆತ್ಮಕಥನಗಳಲ್ಲಿ ಮಗಳು ತಾಯಿಯನ್ನು ಕಂಡ ಪ್ರಸಂಗಗಳು ಹೇರಳವಾಗಿವೆ. ಅವುಗಳನ್ನು ವಾಚ್ಯದ ಗಾಯ ಮತ್ತು ಧ್ವನಿಯ ಸಾಂತ್ವನ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದುವ ಕೆಲಸ ನಡೆಯಬೇಕಾಗಿದೆ.